ರಾಯರಿಗೆ ಒಂದು ಮೀನು

ನಾನು ನಿವೃತ್ತಳಾದಾಗ ನನಗೆ ಮೂವತ್ತೆರಡು ವರ್ಷ. ಹೀಗೆಂದರೆ ಜನ ನಗುತ್ತಾರೆ. ಆದರೆ ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿನಿಂದ ನಾಲ್ಕು ನಿಮಿಷ ನಡೆದರೆ ಸಿಗುತ್ತಿದ್ದ ನಮ್ಮ ಪ್ರವಾಸ ಕಚೇರಿಗೆ 2016ರಲ್ಲಿ ಬೀಗ ಹಾಕಿದ ದಿನ, ಮಾಲೀಕರಾದ ಹೆಗ್ಡೆ ಸರ್ ಹೇಳಿದ್ದು ಹೀಗೆ: "ಕೆಲಸ ಬಿಟ್ಟೆ ಅಂತ ಬರೀಬೇಡ. ಕೆಲಸವೇ ನಮ್ಮನ್ನು ಬಿಟ್ಟದ್ದು. ನಿವೃತ್ತಿ ಅಂತ ಬರಿ." ಅವರು ಹೇಳಿದ್ದನ್ನು ಬರೆದುಕೊಳ್ಳುವುದು ನನಗೆ ಹನ್ನೆರಡು ವರ್ಷದ ಅಭ್ಯಾಸ. ಬರೆದುಕೊಂಡೆ.

ಹನ್ನೆರಡು ವರ್ಷಕ್ಕೆ ಹನ್ನೆರಡು ಡೈರಿ. ತಾರೀಕು, ವಾರ, ಎಷ್ಟು ಜನ ಹೋದರು, ಎಷ್ಟು ಜನ ಬಂದರು, ಎಷ್ಟು ಜನ ದಾರಿಯಲ್ಲಿ ಮಾತು ಬಿಟ್ಟರು ಎಂಬುದೆಲ್ಲ ಅದರಲ್ಲಿದೆ. ಒಟ್ಟು ನೂರ ನಲವತ್ತಮೂರು ಪ್ರವಾಸ. ಹೋದವರೆಲ್ಲ ಒಟ್ಟಿಗೆ ವಾಪಸಾದದ್ದು ನೂರ ನಲವತ್ತೆರಡರಲ್ಲಿ. ಉಳಿದ ಒಂದರಲ್ಲಿ ಒಬ್ಬರು ಹರಿದ್ವಾರದಲ್ಲಿ ಹೆಂಡತಿಯೊಡನೆ ಜಗಳವಾಡಿ, ಬೇರೆ ರೈಲು ಹಿಡಿದು, ನಮಗಿಂತ ಒಂದು ದಿನ ಮೊದಲೇ ಕಲ್ಯಾಣದ ಮನೆಗೆ ತಲುಪಿ ಬಾಗಿಲಲ್ಲಿ ಕುಳಿತಿದ್ದರು. ಕೀಲಿಕೈ ಹೆಂಡತಿಯ ಹತ್ತಿರ ಇತ್ತು.

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ತಿಳಿಯಬೇಕಾದದ್ದು ಏನೆಂದರೆ, ಜನ ಊರು ನೋಡಲು ಹೋಗುವುದಿಲ್ಲ. ತಮ್ಮ ಮನೆಯನ್ನು ಬೇರೆ ಊರಿನಲ್ಲಿಟ್ಟು ನೋಡಲು ಹೋಗುತ್ತಾರೆ. ನಮ್ಮ ಗಿರಾಕಿಗಳು ಹೆಚ್ಚಿನವರು ಠಾಣೆ, ಡೊಂಬಿವಲಿ, ವಾಶಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿ ಕಡೆಯ ಕುಟುಂಬಗಳು. ವರ್ಷವಿಡೀ ಊರಿಗೆಲ್ಲ ಬಡಿಸುವವರು ಹಿಮಾಲಯಕ್ಕೆ ಹೊರಟರೂ ಕುಚ್ಚಲಕ್ಕಿ, ತೆಂಗಿನಕಾಯಿ, ಇಡ್ಲಿ ಅಟ್ಟ, ಒಬ್ಬ ಅಡುಗೆ ಭಟ್ಟರು ಜೊತೆಗೆ ಹೊರಡಲೇಬೇಕು. ಒಮ್ಮೆ ತುರಿಮಣೆ ಮರೆತು ಹೋಗಿ ಹನ್ನೊಂದು ಜನ ಶಿಮ್ಲಾದಲ್ಲಿ ನಾಲ್ಕು ದಿನ ಚಟ್ನಿಯಿಲ್ಲದೆ ಕಳೆದರಂತೆ. ನಾನು ಸೇರುವ ಮೊದಲಿನ ಸಂಗತಿ. ಅಂದಿನಿಂದ ಹೆಗ್ಡೆ ಸರ್ ಒಂದು ನಿಯಮ ಮಾಡಿದ್ದರು: ಸಾಮಾನಿನ ಪಟ್ಟಿಗೆ ಹೊಸದನ್ನು ಸೇರಿಸಬಹುದು, ಇದ್ದದ್ದನ್ನು ತೆಗೆಯುವ ಹಾಗಿಲ್ಲ. ಪ್ರತಿ ಪ್ರವಾಸಕ್ಕೂ ಹಿಂದಿನ ಪಟ್ಟಿಯನ್ನೇ ನಕಲು ಮಾಡಬೇಕು. ನಾನು ಸೇರಿದಾಗ ಅದರಲ್ಲಿ ಇಪ್ಪತ್ತಾರು ಸಾಲು. ಈ ಕಥೆಯ ಹೊತ್ತಿಗೆ ನಲವತ್ತೊಂದು.

ನನ್ನ ಮೊದಲ ತಪ್ಪು ಪಟ್ಟಿಯದ್ದಲ್ಲ. ಠಾಣೆಯ ಏಳು ಜನರಿಗೆ "ಠಾಣೆಯಲ್ಲಿ ಹತ್ತಿ" ಎಂದು ಬರೆದುಕೊಟ್ಟೆ. ಆ ರೈಲು ಠಾಣೆಯಲ್ಲಿ ನಿಲ್ಲುತ್ತಿರಲಿಲ್ಲ. ಏಳು ಜನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡುತ್ತಿರುವಾಗಲೇ ಅವರ ಅಡುಗೆ ಭಟ್ಟರು ಬಾಗಿಲಲ್ಲಿ ನಿಂತು ಕೈಬೀಸುತ್ತ ಹೊರಟುಹೋದರು. ಕೈ ಬೀಸಿದ್ದು ಗಾಬರಿಯಿಂದಲೋ ಸೌಜನ್ಯದಿಂದಲೋ ಎಂದು ಅವರಲ್ಲಿ ಬಹಳ ದಿನ ಚರ್ಚೆ ನಡೆಯಿತು. ಕಲ್ಯಾಣದಲ್ಲಿ ರೈಲು ಹಿಡಿಯಲು ಏಳೂ ಜನ ಎರಡು ಟ್ಯಾಕ್ಸಿಯಲ್ಲಿ ಹೋದರು, ರೈಲು ದಾರಿಯಲ್ಲಿ ಸಿಗ್ನಲಿಗೆ ಒಂದು ಗಂಟೆ ನಿಂತದ್ದರಿಂದ ಹಿಡಿದರು. ನನ್ನನ್ನು ಎರಡು ತಿಂಗಳು ಮುಂಜಾನೆ ಕಲ್ಯಾಣ ಸ್ಟೇಷನ್ನಿನ ತತ್ಕಾಲ್ ಸಾಲಿನಲ್ಲಿ ನಿಲ್ಲಿಸಲಾಯಿತು. ಆ ಸಾಲಿನಲ್ಲಿ ನಿಂತು ನಾನು ರೈಲ್ವೆ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿದೆ. ಈಗಲೂ ಬರುತ್ತದೆ. ಯಾರಿಗೂ ಬೇಡ.

ಇನ್ನು ರಾಯರ ವಿಷಯ.

2010ರ ಫೆಬ್ರುವರಿ, ಒಂದು ಮಂಗಳವಾರ. ವಾಸುದೇವ ರಾಯರು ಕಚೇರಿಗೆ ಬಂದು, ಬಾಗಿಲು ಹಾಕಿಕೊಂಡು, ನೀರು ಕುಡಿದು, ಮೀನು ಹಿಡಿಯಬೇಕು ಎಂದರು. ಡೊಂಬಿವಲಿಯಲ್ಲಿ ಅವರದ್ದು ಮೂವತ್ತು ವರ್ಷದ ಶುದ್ಧ ಸಸ್ಯಾಹಾರಿ ಹೋಟೆಲು. ಮೊಟ್ಟೆಯ ಮಾತು ತೆಗೆದರೆ ಎದ್ದು ಹೋಗುವ ಮನುಷ್ಯ. ಹೆಗ್ಡೆ ಸರ್ ಪಂಖದ ವೇಗ ಹೆಚ್ಚಿಸಿದರು.

ಕಾರಣ ಹೊರಬರಲು ಎರಡು ಲೋಟ ಕಾಫಿ ಬೇಕಾಯಿತು. ರಾಯರಿಗೆ ಸುಧಾಕರ ಸಾಲಿಯಾನ್ ಎಂಬ ಬಾಲ್ಯದ ಗೆಳೆಯ. ಮೀನುಗಾರರ ಮನೆಯವರು, ಹಡಗು ದುರಸ್ತಿಯ ಕೆಲಸದಿಂದ ನಿವೃತ್ತರಾಗಿ ಡೊಂಬಿವಲಿಗೆ ಹತ್ತಿರದ ದಿವಾದಲ್ಲಿದ್ದಾರೆ. ಇಬ್ಬರಿಗೂ ಹದಿಮೂರು ವರ್ಷವಾಗಿದ್ದಾಗ, ಊರಿನ ಹೊಳೆಯ ಬದಿಯಲ್ಲಿ, ರಾಯರು ಮನೆಯವರ ಕಣ್ಣು ತಪ್ಪಿಸಿ ಸುಧಾಕರರ ಗಾಳವನ್ನು ಒಮ್ಮೆ ಎರವಲು ಪಡೆದು ಬೀಸಿದರು. ಗಾಳ ಹಿಂದಕ್ಕೆ ಹೋಗಿ ಸುಧಾಕರರ ಕಿವಿಗೆ ಸಿಕ್ಕಿಕೊಂಡಿತು. ನಲವತ್ತೆಂಟು ವರ್ಷಗಳಿಂದ ಪ್ರತಿ ಮುಂಜಿ, ಮದುವೆ, ಗೃಹಪ್ರವೇಶದಲ್ಲಿ ಸುಧಾಕರರು ಊಟದ ಸಾಲಿನಲ್ಲಿ ಕುಳಿತು ಕಿವಿಯ ಗುರುತು ತೋರಿಸಿ ಹೇಳುತ್ತ ಬಂದಿದ್ದಾರೆ: "ನಮ್ಮ ವಾಸು ಜನ್ಮದಲ್ಲಿ ಹಿಡಿದದ್ದು ಒಂದೇ ಮೀನು. ಅದು ನಾನು."

ಈಗ ರಾಯರ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಗಿತ್ತು, ವರ್ಷದ ಕೊನೆಗೆ. ಬೀಗರು ಬಹಳ ಗಂಭೀರ ಜನ. ಸುಧಾಕರರನ್ನು ಕರೆಯದೆ ಇರುವಂತಿಲ್ಲ, ಕರೆದರೆ ಅವರು ಹೇಳದೆ ಇರುವಂತಿಲ್ಲ. "ಅವನ ಬಾಯಿ ಮುಚ್ಚಿಸಲಿಕ್ಕೆ ಆಗುವುದಿಲ್ಲ. ಅವನಿಗೆ ಹೇಳಲಿಕ್ಕೆ ಬೇರೆ ಕಥೆ ಕೊಡಬೇಕು," ಎಂದರು ರಾಯರು. ಒಂದು ಮೀನು ಹಿಡಿಯಬೇಕು. ಸುಧಾಕರರ ಎದುರಿಗೇ ಹಿಡಿಯಬೇಕು. ಆದರೆ ಕೊಲ್ಲಬಾರದು. ಮತ್ತೆ ಹೋಟೆಲಿನ ಗಿರಾಕಿಗಳಿಗೆ ಗೊತ್ತಾಗಬಾರದು, ಆದ್ದರಿಂದ ಊರಿಂದ ದೂರ.

ಹೆಗ್ಡೆ ಸರ್ ಎಲ್ಲಿಯೋ ಓದಿದ್ದರು: ಹಿಮಾಚಲದ ಬೆಟ್ಟಗಳಲ್ಲಿ ಗರಿ ನೂಲು ಸುತ್ತಿ ಮಾಡಿದ ಸುಳ್ಳು ನೊಣವನ್ನು ಗಾಳಕ್ಕೆ ಕಟ್ಟಿ, ಟ್ರೌಟ್ ಎಂಬ ಮೀನನ್ನು ಹಿಡಿದು, ನೋಡಿ, ಬಿಟ್ಟುಬಿಡುತ್ತಾರೆ. ಹುಳು ಇಲ್ಲ, ಸಾವು ಇಲ್ಲ. ಸರ್ ಎರಡೂ ಕೈ ಮೇಜಿನ ಮೇಲಿಟ್ಟು, "ರಾಯರೇ, ಇದು ಸಸ್ಯಾಹಾರಿ ಮೀನುಗಾರಿಕೆ" ಎಂದರು. ಅಂಥ ಮೇಲಧಿಕಾರಿಯ ಕೆಳಗೆ ಕೆಲಸ ಮಾಡಿದ್ದೇನೆ. ಕೆಲಸ ಕಲಿತದ್ದೂ ಅವರಿಂದಲೇ.

ಯೋಜನೆ ನನ್ನ ಪಾಲಿಗೆ ಬಂತು. ಮೊದಲ ಕರಡಿನಲ್ಲಿ ನಾನು "ಹಿಮಾಚಲದ ರಾಷ್ಟ್ರೀಯ ಉದ್ಯಾನದ ಒಳಗೆ ಮೂರು ದಿನ ಮೀನು" ಎಂದು ಬರೆದಿದ್ದೆ. ಅಲ್ಲಿನ ಮಾರ್ಗದರ್ಶಿ ಚಮನ್‌ಲಾಲ್, ಐವತ್ತು ದಾಟಿದ ಮಿತಭಾಷಿ, ಫೋನಿನಲ್ಲಿ ಅದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಉದ್ಯಾನದ ಒಳಗೆ ನಡೆಯಬಹುದು, ನೋಡಬಹುದು, ಗಾಳ ಹಾಕುವಂತಿಲ್ಲ. ಗಡಿಯ ಹೊರಗೆ ಅದೇ ನದಿ ಕೆಳಗೆ ಬರುತ್ತದಲ್ಲ, ಅಲ್ಲಿ, ಪರವಾನಗಿ ತೆಗೆದುಕೊಂಡು. ಚಳಿಗಾಲದಲ್ಲಿ ಇಲ್ಲ, ಮಳೆಗಾಲದಲ್ಲಿ ನೀರು ಕೆಂಪು. ಏಪ್ರಿಲ್‌ನಲ್ಲಿ ಬನ್ನಿ ಎಂದರು. ಹೊಸಬರಿಗೆ ನನ್ನ ಮಾತು: ಕರಡನ್ನು ಗಿರಾಕಿಗೆ ತೋರಿಸುವ ಮೊದಲು ಆ ಜಾಗದಲ್ಲಿ ಬದುಕುವ ಒಬ್ಬರಿಗೆ ಓದಿ ಹೇಳಿ. ಅವರು ಸುಮ್ಮನಾದ ಕಡೆಯಲ್ಲೆಲ್ಲ ತಪ್ಪಿದೆ.

ಗಾಳದ ಕಡ್ಡಿ ಕೆನಡಾದಲ್ಲಿ ಇದ್ದು ಬಂದ ಘಣಸೋಲಿಯ ಒಬ್ಬ ಎಂಜಿನಿಯರರ ಮನೆಯ ಅಟ್ಟದಲ್ಲಿ ಸಿಕ್ಕಿತು. ಉದ್ದದ ಡಬ್ಬಿಯಲ್ಲಿದ್ದ ಅದನ್ನು ನಾನೇ ಲೋಕಲ್ ರೈಲಿನಲ್ಲಿ ತಂದೆ. ಮಹಿಳಾ ಬೋಗಿಯಲ್ಲಿ ಐವರು ಅದೇನೆಂದು ಕೇಳಿದರು. ನಾಲ್ವರಿಗೆ ಪರದೆಯ ಸರಳು ಎಂದೆ. ಐದನೆಯವರಿಗೆ ನಿಜ ಹೇಳಿದೆ, ಅವರು ನಂಬಲಿಲ್ಲ.

ರಾಯರು ತಮ್ಮ ವಸತಿ ಸೊಸೈಟಿಯ ತಾರಸಿಯಲ್ಲಿ, ಗಾಳ ಕಟ್ಟದೆ ಬರೀ ದಾರದ ತುದಿಗೆ ಉಣ್ಣೆ ಕಟ್ಟಿ ಅಭ್ಯಾಸ ಮಾಡಿದರು. ಮೂರನೆಯ ದಿನ ದಾರ ಕೇಬಲ್ ಟಿವಿಯ ತಂತಿಗೆ ಸುತ್ತಿಕೊಂಡಿತು. ರಾಯರು ಎಳೆದರು. ಇಡೀ ಬಿ ವಿಂಗ್‌ನಲ್ಲಿ ಮರಾಠಿ ಧಾರಾವಾಹಿ ನಿಂತುಹೋಯಿತು. ಸೆಕ್ರೆಟರಿ ಮೇಲೆ ಬಂದಾಗ ರಾಯರು, ಅರವತ್ತೊಂದರ ಪ್ರಾಯದಲ್ಲಿ, ಗಾಳಿಪಟ ಹಾರಿಸುತ್ತಿದ್ದೇನೆ ಎಂದು ಹೇಳಬೇಕಾಯಿತು.

ಅವರ ಹೆಂಡತಿ ಶಾರದಕ್ಕನಿಗೆ ಈ ಯೋಜನೆ ಒಂದಿಷ್ಟೂ ಹಿಡಿಸಿರಲಿಲ್ಲ. ಬಿಟ್ಟರೂ ಚುಚ್ಚಿದ್ದು ಚುಚ್ಚಿದ್ದೇ ಎಂಬುದು ಅವರ ವಾದ. ಆದರೂ ಗಂಡನನ್ನು ಬೆಟ್ಟದ ನೀರಿಗೆ ಒಬ್ಬನೇ ಇಳಿಸಲು ಮನಸ್ಸಿಲ್ಲದೆ ಹೊರಟರು, ಜೊತೆಗೆ ಒಬ್ಬ ಹೆಂಗಸು ಬೇಕೆಂದು ನನ್ನನ್ನೂ ಹೊರಡಿಸಿದರು. ಸುಧಾಕರರೂ ಸೇರಿ ನಾಲ್ಕೇ ಜನ ಆದದ್ದರಿಂದ ಭಟ್ಟರು ಬೇಡ, ಅಡುಗೆ ನಾವೇ ಮಾಡುತ್ತೇವೆ ಎಂದರು. ನಾನು ಹಳೆಯ ಪಟ್ಟಿ ನಕಲು ಮಾಡಿದೆ, ನಲವತ್ತೊಂದು ಸಾಮಾನನ್ನೂ ಕಟ್ಟಿಸಿದೆ, ಒಂದೊಂದಕ್ಕೂ ಗುರುತು ಹಾಕಿದೆ. ಕಲ್ಯಾಣದಿಂದ ದೆಹಲಿಗೆ ರೈಲು, ಅಲ್ಲಿಂದ ಬಸ್ಸು, ಬಸ್ಸಿನಿಂದ ಜೀಪು. ಭಾನುವಾರ ಮಧ್ಯಾಹ್ನ ನದಿಯ ದಡದ ಮರದ ಮನೆಗೆ ತಲುಪಿದೆವು. ನೀರು ಗಾಜಿನ ಹಾಗಿತ್ತು. ಕಲ್ಲುಗಳ ನಡುವೆ ಮೀನುಗಳು ಬರಿಗಣ್ಣಿಗೆ ಕಾಣುತ್ತಿದ್ದವು. ಚಮನ್‌ಲಾಲ್ ಎರಡು ಬೆರಳೆತ್ತಿ, ನಾಳೆಯೇ ಎರಡು ಸಿಗುತ್ತವೆ ಎಂದರು. ನಾನು ಅದನ್ನು ಬರೆದುಕೊಂಡೆ.

ಸೋಮವಾರದ ಲೆಕ್ಕ: ಬೀಸಿದ್ದು ನೂರ ಹನ್ನೆರಡು. ಮರಕ್ಕೆ ಸಿಕ್ಕಿದ್ದು ಒಂಬತ್ತು. ಚಮನ್‌ಲಾಲರ ಟೋಪಿ ಒಂದು. ಮೀನು ಇಲ್ಲ.

ಸುಧಾಕರರು ಪರವಾನಗಿ ತೆಗೆದುಕೊಂಡಿರಲಿಲ್ಲ. ಮೀನು ಹಿಡಿಯಲಿಕ್ಕೆ ತನ್ನ ಕುಲದವರು ಕಾಗದ ತೆಗೆಯುವುದುಂಟಾ, ಹಿಡಿದು ಬಿಡಲಿಕ್ಕೆ ತನಗೇನು ಹುಚ್ಚಾ ಎಂದು ಕೇಳಿ, ಒಂದು ಬಂಡೆಯ ಮೇಲೆ ಮಫ್ಲರ್ ಸುತ್ತಿ ಕುಳಿತರು. ತಾನು ನೋಡಲಿಕ್ಕೆ ಬಂದವ ಎಂದರು. ಕಿವಿಗಳೆರಡೂ ಮಫ್ಲರಿನ ಒಳಗಿದ್ದವು. ಚಳಿಗಲ್ಲ, ವಾಸು ಬೀಸುತ್ತಿದ್ದಾನೆ ಅದಕ್ಕೆ ಎಂದು ನನಗೆ ವಿವರಿಸಿದರು. ಗೆಳೆಯರಿಬ್ಬರ ಮಾತು ತುಳುವಿನಲ್ಲಿ ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕೆಲವನ್ನು ಬರೆದಿಲ್ಲ.

ಮಂಗಳವಾರ ಬೀಸಿದ್ದು ನೂರ ನಲವತ್ತು. ಮರಕ್ಕೆ ಮೂರೇ. ರಾಯರ ಕೈ ಸುಧಾರಿಸಿತ್ತು, ನೊಣ ನೀರಿನ ಮೇಲೆ ಸದ್ದಿಲ್ಲದೆ ಇಳಿಯುತ್ತಿತ್ತು. ಮೀನುಗಳು ಮೇಲೆ ಬಂದು ನೊಣವನ್ನು ನೋಡಿ, ಊಟ ಮುಗಿದ ಮೇಲೆ ಬಂದ ಹೋಳಿಗೆಯನ್ನು ನೋಡುವ ಹಾಗೆ ನೋಡಿ, ತಿರುಗಿ ಹೋಗುತ್ತಿದ್ದವು. ಚಮನ್‌ಲಾಲ್ ಹನ್ನೊಂದು ಬಗೆಯ ನೊಣ ಬದಲಿಸಿದರು. ಮೂವತ್ತು ವರ್ಷದಲ್ಲಿ ಹೀಗೆ ಕಂಡಿಲ್ಲ ಎಂದರು. ಇವುಗಳಿಗೆ ಹಸಿವೇ ಇಲ್ಲ.

ರಾಯರು ಆ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದರು. ಕರೆಯಲು ಹೋದ ನನಗೆ, ಮಗಳ ಮದುವೆಯ ದಿನ ಬೀಗರ ಎದುರು ತಾನು ಯಾವ ಮುಖ ಮಾಡಿಕೊಂಡು ಕೂರಬೇಕು ಎಂದು ಅಭ್ಯಾಸ ಮಾಡುತ್ತಿದ್ದೇನೆ ಎಂದರು. ನಗುತ್ತಲೇ ಹೇಳಿದರು. ಉಳಿದದ್ದು ಬುಧವಾರ ಒಂದೇ. ಗುರುವಾರ ಬೆಳಿಗ್ಗೆ ಜೀಪು ಬರುವುದಿತ್ತು.

ಸಂಜೆ ನಾಲ್ಕಕ್ಕೆ, ಬೇರೇನೂ ತೋಚದೆ, ನಾನು ಸಾಮಾನಿನ ಎಣಿಕೆಗೆ ಕುಳಿತೆ. ಕುಚ್ಚಲಕ್ಕಿ ಸರಿ. ಕಾಯಿ ಸರಿ. ಇಪ್ಪತ್ತೇಳನೆಯ ಸಾಲು: ಮಂಡಕ್ಕಿ, ಐದು ಕಿಲೋ, ಐದು ಚೀಲ. ಉಳಿದದ್ದು ಎರಡು. ನಾವು ನಾಲ್ವರು ಮಂಡಕ್ಕಿಯ ಒಂದು ಕಾಳನ್ನೂ ತಿಂದಿರಲಿಲ್ಲ.

ಮಂಡಕ್ಕಿ ಆ ಪಟ್ಟಿಗೆ ಬಂದದ್ದು ನನ್ನಿಂದ. ನಮ್ಮ ಜನ ತೀರ್ಥಯಾತ್ರೆಯಲ್ಲಿ ನದಿಯ ಘಟ್ಟಕ್ಕೆ ಇಳಿದರೆ ದೇವರ ಮೀನುಗಳಿಗೆ ಮಂಡಕ್ಕಿ ಹಾಕದೆ ಮೇಲೆ ಬರುವುದಿಲ್ಲ. ಘಟ್ಟದ ಅಂಗಡಿಯ ಮಂಡಕ್ಕಿ ಹಳತು ಎಂದು ಯಾರೋ ದೂರಿದ್ದರಿಂದ 2005ರಲ್ಲಿ ನಾನೇ ಆ ಸಾಲು ಸೇರಿಸಿದ್ದೆ. ತೆಗೆಯುವ ಹಾಗಿಲ್ಲವಲ್ಲ. ಹೀಗೆ, ಮೀನು ಹಿಡಿಯಲು ಹೊರಟವರ ಗಂಟಿನಲ್ಲಿ ಮೀನಿಗೆ ಬಡಿಸುವ ಸಾಮಾನನ್ನು ನಾನೇ ಕಟ್ಟಿ, ನಾನೇ ಗುರುತು ಹಾಕಿದ್ದೆ.

ಶಾರದಕ್ಕ ಜಗಲಿಯಲ್ಲಿ ಬೇಳೆ ಆರಿಸುತ್ತಿದ್ದರು. ಕೇಳಿದೆ. ಅಡಗಿಸಲಿಲ್ಲ. ಬಂದ ದಿನ, ಭಾನುವಾರ ಸಂಜೆ, ಒಂದು ಚೀಲ, ಮತ್ತೆ ಎರಡು ದಿನ ಬೆಳಿಗ್ಗೆ ಆರಕ್ಕೆ, ರಾಯರು ಏಳುವ ಮೊದಲು, ಒಂದೊಂದು.

"ಇವರು ಚುಚ್ಚುವುದು ಖಂಡಿತ ಅಂತಾದ ಮೇಲೆ, ಮೊದಲು ಹೊಟ್ಟೆಗಾದರೂ ಹಾಕುವ ಅಂತ. ನಮ್ಮ ಹೋಟೆಲಿಗೆ ಬಂದವರು ಹಸಿದು ಹೋದದ್ದುಂಟಾ?"

"ಹೊಟ್ಟೆ ತುಂಬಿದ್ದಕ್ಕೇ ಅವು ಬರುವುದಿಲ್ಲ ಅಕ್ಕ."

"ಬಾರದಿದ್ದರೆ ಒಳ್ಳೆಯದೇ ಆಯಿತಲ್ಲ."

ನಾನು ಕಿವಿಯ ಕಥೆ, ಬೀಗರು, ಊಟದ ಸಾಲು ಎಲ್ಲವನ್ನೂ ನೆನಪಿಸಿದೆ. ಅವರು ಬೇಳೆಯಿಂದ ಕಣ್ಣೆತ್ತದೆ ಕೇಳಿಸಿಕೊಂಡರು. ತಾನು ಹಾಕದೆ ಕೂತರೆ ಅವು ಹಸಿದು ಬಂದು ಮುಳ್ಳಿಗೆ ಸಿಗುತ್ತವೆ, ಆಗ ಹಿಡಿದದ್ದು ಇವರಾ, ತಾನಾ ಎಂದು ಕೇಳಿದರು. ನಾನು ಪ್ರಶ್ನೆಯನ್ನು ಬರೆದುಕೊಂಡೆ. ಡೈರಿಯಲ್ಲಿ ಆ ಸಾಲಿನ ಎದುರು ಈಗಲೂ ಜಾಗ ಖಾಲಿ ಇದೆ. ಆಮೇಲೆ ನೀರಿನ ಕಡೆ ನೋಡಿದರು. ರಾಯರು ಇನ್ನೂ ಅಲ್ಲೇ ನಿಂತಿದ್ದರು, ಬೀಸದೆ, ಕಡ್ಡಿಯನ್ನು ಕೊಡೆಯ ಹಾಗೆ ಊರಿಕೊಂಡು.

ಶಾರದಕ್ಕ ಮೊರ ಕೆಳಗಿಟ್ಟರು. "ನಾಳೆ ಎಂಟು ಗಂಟೆಯ ತನಕ ಇವರದ್ದು. ಎಂಟರ ಮೇಲೆ ನನ್ನದು. ಒಂದು ನಿಮಿಷ ಹೆಚ್ಚು ಕೊಡುವುದಿಲ್ಲ."

ಚಮನ್‌ಲಾಲರಿಗೆ ನಾನು ಹಿಂದಿಯಲ್ಲಿ ವಿಷಯ ತಿಳಿಸಿದೆ. ಮೂರು ದಿನದಲ್ಲಿ ಮೊದಲ ಸಲ ಅವರು ನಕ್ಕರು, ಬಂಡೆ ಹಿಡಿದುಕೊಂಡು ನಕ್ಕರು. ಮೂರು ಹೊತ್ತು ಬಿಳಿ ಕಾಳು ತಿಂದ ಮೀನಿಗೆ ಬಿಳಿ ಕಾಳನ್ನೇ ಕೊಡಬೇಕು ಎಂದು, ಹೆಂಡತಿ ನೂಲುತ್ತಿದ್ದ ಕುರಿಯುಣ್ಣೆಯ ಚೂರು ತಂದು, ಗಾಳಕ್ಕೆ ಸುತ್ತಿ, ಕತ್ತರಿಸಿ, ಊದಿ, ಅಂಗೈಯಲ್ಲಿಟ್ಟು ತೋರಿಸಿದರು. ಅದು ನೊಣವಲ್ಲ, ಅಪ್ಪಟ ಮಂಡಕ್ಕಿ.

ಬುಧವಾರ ಆರಕ್ಕೆ ರಾಯರು ನೀರಿಗಿಳಿದರು. ರಾಯರಿಗೆ ನಾವು ಏನೂ ಹೇಳಿರಲಿಲ್ಲ. ಶಾರದಕ್ಕ ಮಂಡಕ್ಕಿ ಹಾಕುತ್ತಿದ್ದ ಮಡುವಿನ ಬದಿಗೇ ಚಮನ್‌ಲಾಲ್ ರಾಯರನ್ನು ನಿಲ್ಲಿಸಿದರು. ಸುಧಾಕರರು ಬಂಡೆ ಏರಿ ಕುಳಿತರು. ಶಾರದಕ್ಕ ದಡದಲ್ಲಿ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಗಡಿಯಾರ ಹಿಡಿದು ನಿಂತರು. ಏಳೂವರೆಯ ತನಕ ಎರಡು ಸಲ ಮೀನೆದ್ದು ನೀರು ಬಿರಿಯಿತು, ಎರಡು ಸಲವೂ ರಾಯರು ಬೇಗ ಎಳೆದು ತಪ್ಪಿಸಿದರು. ಸುಧಾಕರರು ಬಂಡೆಯ ಅಂಚಿಗೆ ಸರಿದು ಕುಳಿತರು.

ಏಳು ಐವತ್ತೆರಡಕ್ಕೆ ಶಾರದಕ್ಕ ಚೀಲದ ಬಾಯಿ ಬಿಚ್ಚತೊಡಗಿದರು. ಏಳು ಐವತ್ತಾರಕ್ಕೆ ಕಡ್ಡಿ ಬಗ್ಗಿತು.

ರಾಯರು ಮರದ ಹಾಗೆ ನಿಂತುಬಿಟ್ಟರು. ಸುಧಾಕರರು ಬಂಡೆಯಿಂದ ಜಾರಿ, ಬೂಟು ಪ್ಯಾಂಟು ಸಮೇತ ಸೊಂಟದ ತನಕ ನೀರಿಗಿಳಿದು, ಪಕ್ಕಕ್ಕೆ ಬಂದು ನಿಂತರು. ಮಫ್ಲರ್ ಬಿಚ್ಚಿ ತೇಲಿಹೋಯಿತು. "ಎಳೀಬೇಡ ವಾಸು. ಅದು ಹೋಗಲಿ. ಹೋಗಲಿಕ್ಕೆ ಬಿಡು, ಈಗ ಮೆಲ್ಲ ಕರಿ," ಎಂದು ತಗ್ಗಿದ ದನಿಯಲ್ಲಿ ಹೇಳುತ್ತಲೇ ಇದ್ದರು, ಮಗುವನ್ನು ಮಲಗಿಸುವ ಹಾಗೆ. ದಡದಿಂದ ಶಾರದಕ್ಕ ತಮ್ಮ ಆದೇಶ ಕೊಟ್ಟರು: "ನೋವು ಮಾಡಬೇಡಿ. ತಪ್ಪಿಸಲೂ ಬೇಡಿ."

ಮೀನು ಚಮನ್‌ಲಾಲರ ಕೈಬಲೆಗೆ ಬಂತು. ಮೈಮೇಲೆ ಕೆಂಪು ಚುಕ್ಕಿ. ನಾನು ಅಳತೆಪಟ್ಟಿ ಹಿಡಿದು ಓಡಿದೆ. ಶಾರದಕ್ಕ, ಅದಕ್ಕೇನು ಅಂಗಿ ಹೊಲಿಸುತ್ತೀಯಾ, ಬೇಗ ಬಿಡಿ ಎಂದು ಗದರಿದರು. ಆದರೂ ಅಳೆದೆ. ಒಂಬತ್ತು ಇಂಚು. ಫೋಟೋ ಬೇಡವೆಂದು ರಾಯರು ಕೈಯಾಡಿಸಿದರು, ಹೋಟೆಲಿನ ಭಯ. ನೀರೊಳಗೆ ಅಂಗೈ ಬಿಡಿಸಿದರು. ಮೀನು ಒಂದು ಕ್ಷಣ ಅಲ್ಲೇ ನಿಂತು, ಹೋಯಿತು. ರಾಯರು ಖಾಲಿ ಅಂಗೈಯನ್ನು ಇನ್ನೂ ನೀರಲ್ಲೇ ಇಟ್ಟುಕೊಂಡು ಗೆಳೆಯನನ್ನು ನೋಡಿದರು. ಸುಧಾಕರರ ಹಲ್ಲು ಚಳಿಗೆ ಕಟಕಟಿಸುತ್ತಿತ್ತು. ಅಷ್ಟರಲ್ಲಿ ಎಂಟಾಗಿತ್ತು. ಶಾರದಕ್ಕ ಎರಡೂ ಚೀಲ ಸುರಿದರು.

ಆಗ ರಾಯರಿಗೆ ಎಲ್ಲ ತಿಳಿಯಿತು. ಎಷ್ಟು ದಿನದಿಂದ ಇದು ಎಂದು ಕೇಳಿದರು. ಭಾನುವಾರದಿಂದ ಎಂದರು ಹೆಂಡತಿ. ರಾಯರು ಜೀಪು ಬರುವ ತನಕ ಆ ವಿಷಯ ಎತ್ತಲಿಲ್ಲ. ಜೀಪಿನಲ್ಲಿ ಎತ್ತಿದರು, ದೆಹಲಿಯ ತನಕ ಇಳಿಸಲಿಲ್ಲ.

ಹೆಗ್ಡೆ ಸರ್‌ಗೆ ನಾನು "ಪ್ರವಾಸ ಯಶಸ್ವಿ" ಎಂದು ವರದಿ ಕೊಟ್ಟೆ. ಮಂಡಕ್ಕಿಯ ವಿಷಯ ಹೇಳಲಿಲ್ಲ, ಮುಂದಿನ ಪಟ್ಟಿಯಿಂದ ಆ ಸಾಲನ್ನು ಸದ್ದಿಲ್ಲದೆ ತೆಗೆದೆ. ಎರಡೇ ತಿಂಗಳಲ್ಲಿ ಹರಿದ್ವಾರದಿಂದ ದೂರು ಬಂತು, ದೇವರ ಮೀನಿಗೆ ಹಾಕಲು ಏನೂ ಇಲ್ಲ ಎಂದು. ಆಮೇಲೆ ನಾನು ನಕಲು ಮಾಡುವುದನ್ನೇ ಬಿಟ್ಟೆ. ಪ್ರತಿ ಸಲ ಖಾಲಿ ಹಾಳೆ ತೆಗೆದು, ಹೋಗುವವರು ಯಾರು, ಮಾಡಲು ಹೋಗುವುದು ಏನು ಎಂದು ಮೊದಲ ಸಾಲಿನಲ್ಲಿ ಬರೆದು, ಆಮೇಲೆ ಸಾಮಾನು ಬರೆಯುತ್ತಿದ್ದೆ. ಈಗಿನವರ ಫೋನು ಪಟ್ಟಿಯನ್ನು ತಾನೇ ಮಾಡಿಕೊಡುತ್ತದಂತೆ. ಮಾಡಲಿ. ಹೋಗುವವರ ಹೆಂಡತಿಯ ಮನಸ್ಸಿನಲ್ಲಿ ಏನಿದೆ ಎಂದು ಅದು ಕೇಳುವುದಿಲ್ಲ, ನೀವು ಕೇಳಿ.

ಮದುವೆ ಡೊಂಬಿವಲಿಯ ಹಾಲ್‌ನಲ್ಲಿ ನಡೆಯಿತು. ನನಗೂ ಕರೆ ಇತ್ತು. ಊಟದ ಸಾಲಿನಲ್ಲಿ ಸುಧಾಕರರು ಬೀಗರ ಪಕ್ಕದಲ್ಲೇ ಕುಳಿತಿದ್ದರು. ಎದುರಿಗೆ ಬಡಿಸುತ್ತಿದ್ದ ರಾಯರ ಕೈಯಲ್ಲಿ ಸಾರಿನ ಪಾತ್ರೆ ನಿಂತೇ ಇತ್ತು. ಸುಧಾಕರರು ಪಲ್ಯ ಮುಗಿಸಿ, ಕೈ ಒರೆಸಿ, ಹಿಮಾಲಯದ ನೀರು, ಚಳಿ, ಬಗ್ಗಿದ ಕಡ್ಡಿ ಎಲ್ಲವನ್ನೂ ಹೇಳಿದರು. ಬೀಗರ ಹುಬ್ಬು ಮೇಲೇರುತ್ತಿದ್ದಂತೆ ಹಿಂದಿನಿಂದ ಶಾರದಕ್ಕ "ಬಿಟ್ಟಿದ್ದಾರೆ, ಬಿಟ್ಟಿದ್ದಾರೆ" ಎಂದು ಹೋಳಿಗೆ ಬಡಿಸಿದರು. ಸುಧಾಕರರು ಎರಡೂ ಕೈ ಅಗಲಿಸಿ ಮೀನಿನ ಉದ್ದ ತೋರಿಸಿದರು. ಎಡಗೈ ಬೀಗರ ಎಲೆ ದಾಟಿ ಹೋಯಿತು.

ರಾಯರಿಗೆ ಸಂಕೋಚವಾಯಿತು. "ಅಷ್ಟಿಲ್ಲ ಮಾರಾಯ. ಒಂಬತ್ತು ಇಂಚು. ಇವಳ ಪುಸ್ತಕದಲ್ಲಿ ಉಂಟು," ಎಂದು ನನ್ನತ್ತ ತೋರಿಸಿದರು.

ಸುಧಾಕರರು ಕೈ ಕೆಳಗಿಳಿಸಲಿಲ್ಲ.

"ನೀನು ಹಿಡಿದವ, ನಿನಗೇನು ಗೊತ್ತು?" ಎಂದರು. "ನೋಡಿದವ ನಾನು."